ಇಳಿಯಲೊಲ್ಲದ ಮುಳ್ಳು

"ನಾನೇನೂ ಜಾಸ್ತಿ ತಿನ್ನಲ್ಲ ಡಾಕ್ಟ್ರೇ. ರಾತ್ರಿ ಅನ್ನ ಬಿಟ್ಟು ಎಷ್ಟೋ ದಿನ ಆಯ್ತು. ಬೆಳಿಗ್ಗೆ ಒಂದು ಗಂಟೆ ವಾಕಿಂಗೂ ಮಾಡ್ತೀನಿ. ಆದ್ರೂ ತೂಕ ಇಳೀತಾನೇ ಇಲ್ಲ."

ಈ ಮಾತು ಕೇಳಿಬರದ ಕ್ಲಿನಿಕ್ಕು ಇವತ್ತು ಸಿಗಲಾರದು. ಹೇಳುವವರ ದನಿಯಲ್ಲಿ ಅರ್ಧ ದೂರು, ಅರ್ಧ ನಾಚಿಕೆ. ಕೇಳುವವರು ಮಾತು ಮುಗಿಯುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ: ಕದ್ದು ತಿನ್ನುತ್ತಿರಬೇಕು, ಇಲ್ಲವೇ ಸೋಮಾರಿ ಇರಬೇಕು. ಮನೆಯವರು, ನೆಂಟರು, ಕೆಲವೊಮ್ಮೆ ವೈದ್ಯರೂ ಇದಕ್ಕೆ ಹೊರತಲ್ಲ. ಆ ತೀರ್ಪು ಎಷ್ಟು ಅನ್ಯಾಯದ್ದು ಎಂಬುದನ್ನು ಎಂಬತ್ತು ವರ್ಷಗಳ ಸಂಶೋಧನೆ ತೋರಿಸಿಕೊಟ್ಟಿದೆ. ತೂಕ ಇಳಿಸಲು ಹೊರಟವರು ಬೊಜ್ಜಿನ ಜೊತೆಗಷ್ಟೇ ಸೆಣಸುತ್ತಿರುವುದಿಲ್ಲ. ಬರಗಾಲದಲ್ಲಿ ಬದುಕುಳಿಯಲು ಲಕ್ಷಾಂತರ ವರ್ಷಗಳಿಂದ ಪಳಗಿದ ಒಂದು ದೇಹದ ಜೊತೆಗೂ ಸೆಣಸುತ್ತಿರುತ್ತಾರೆ.

ಮೊದಲು ಆ ಹೆಸರಾಂತ ಲೆಕ್ಕವನ್ನು ನೋಡೋಣ. 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ಅಮೆರಿಕದ ವೈದ್ಯರು ಒಂದು ಪೌಂಡ್ ತೂಕ ಇಳಿಯಬೇಕಾದರೆ 3500 ಕ್ಯಾಲೊರಿ ಕಡಿಮೆ ಮಾಡಬೇಕು ಎಂದು ಬರೆದರು. ನಮ್ಮ ಅಳತೆಯಲ್ಲಿ ಒಂದು ಕಿಲೋಗೆ ಸುಮಾರು 7700 ಕ್ಯಾಲೊರಿ. ಇಂದಿಗೂ ಬಹಳಷ್ಟು ಡಯಟ್ ಚಾರ್ಟುಗಳು, ಮೊಬೈಲ್ ಆ್ಯಪ್‌ಗಳು ಇದರ ಮೇಲೇ ನಿಂತಿವೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವರ್ಷಕ್ಕೆ ಹೆಚ್ಚುಕಡಿಮೆ 24 ಕಿಲೋ ಇಳಿಯಬೇಕು. ಇದೇ ಲೆಕ್ಕ ಮುಂದುವರಿಸಿದರೆ 70 ಕಿಲೋ ತೂಗುವ ಮನುಷ್ಯ ಮೂರು ವರ್ಷ ತುಂಬುವ ಮೊದಲೇ ಇಲ್ಲವಾಗಬೇಕು! ಹಾಗೆ ಯಾರಿಗೂ ಆಗುವುದಿಲ್ಲ. ಶಕ್ತಿಯ ನಿತ್ಯತೆಯ ನಿಯಮಕ್ಕೆ ಇಲ್ಲಿ ಯಾವ ಭಂಗವೂ ಬಂದಿಲ್ಲ. ನಾವು ಊಟ ಕಡಿಮೆ ಮಾಡಿದರೂ ದೇಹ ತನ್ನ ಖರ್ಚನ್ನು, ತನ್ನ ಹಸಿವನ್ನು ಮೊದಲಿನಂತೆಯೇ ಇಟ್ಟುಕೊಂಡಿರುತ್ತದೆ ಎಂದು ನಂಬಿದ್ದೇ ಆ ಲೆಕ್ಕದ ತಪ್ಪು.

ಶುರುವಿನ ವಾರದಲ್ಲಿ ತೂಕದ ಯಂತ್ರದ ಮುಳ್ಳು ಸರಸರ ಇಳಿಯುವುದೂ ಈ ನಂಬಿಕೆಗೆ ನೀರೆರೆಯುತ್ತದೆ. ಅನ್ನ, ಮುದ್ದೆ, ಚಪಾತಿ ಕಡಿಮೆ ಮಾಡಿದ ಕೂಡಲೇ ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು ಬಳಸತೊಡಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೊದಲ ವಾರ ಎರಡು ಕಿಲೋ ಇಳಿಯಿತು ಎಂದು ಸಂಭ್ರಮಿಸುವವರು ಕಳೆದುಕೊಂಡದ್ದು ಬಹುಪಾಲು ಈ ನೀರನ್ನು. ಕೊಬ್ಬು ಕರಗುವುದು ನಿಧಾನ. ಅದು ಬೆವರಾಗಿ ಹೋಗುತ್ತದೆ ಎಂದು ನಂಬಿ ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು ಓಡುವವರಿದ್ದಾರೆ. 10 ಕಿಲೋ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, 1.6 ಕಿಲೋ ಮಾತ್ರ ನೀರಾಗುತ್ತದೆ ಎಂದು ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ತೋರಿಸಿದರು. ಕೊಬ್ಬು ದೇಹ ಬಿಡುವ ಮುಖ್ಯ ದಾರಿ ಮೂಗು.

ಊಟ ಕಡಿಮೆಯಾದಾಗ ದೇಹ ಏನು ಮಾಡುತ್ತದೆ ಎಂಬುದರ ಅತ್ಯಂತ ವಿವರವಾದ ದಾಖಲೆ ಎರಡನೇ ಮಹಾಯುದ್ಧದ ಕಾಲದ್ದು. ಯುರೋಪಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಅಂಥವರಿಗೆ ಮತ್ತೆ ಊಟ ಕೊಡುವ ಸರಿಯಾದ ಕ್ರಮ ಯಾವುದೆಂದು ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ ಒಂದು ಪ್ರಯೋಗ ಶುರುಮಾಡಿದರು. ಆತ್ಮಸಾಕ್ಷಿಯ ಕಾರಣ ಕೊಟ್ಟು ಯುದ್ಧಕ್ಕೆ ಹೋಗಲು ಒಪ್ಪದಿದ್ದ 36 ಯುವಕರು ತಾವಾಗಿ ಮುಂದೆ ಬಂದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲಿದ್ದ ಪ್ರಯೋಗಾಲಯವೇ ಅವರ ಮನೆಯಾಯಿತು. ಮೂರು ತಿಂಗಳು ಸಾಮಾನ್ಯ ಊಟ. ಆಮೇಲೆ 24 ವಾರ ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಬ್ರೆಡ್ಡು, ಮ್ಯಾಕರೋನಿಗಳ ಅರೆಹೊಟ್ಟೆ. ದಿನಕ್ಕೆ ಸಿಕ್ಕಿದ್ದು ಸರಾಸರಿ 1570 ಕ್ಯಾಲೊರಿ. ಅದರ ಮೇಲೆ ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರು ನಡೆಯಲೇಬೇಕು.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಿ. 1500 ಕ್ಯಾಲೊರಿ ಊಟ, ದಿನಕ್ಕೆ ಐದು ಕಿಲೋಮೀಟರು ನಡಿಗೆ. ಇಂದು ಯಾವ ಜಿಮ್‌ನಲ್ಲಿ ಕೇಳಿದರೂ ಕೊಡುವ ಸಲಹೆ ಹೆಚ್ಚುಕಡಿಮೆ ಇದೇ. ಕೀಸ್ ಇದನ್ನು ಅರೆ ಉಪವಾಸ ಎಂದು ಕರೆದಿದ್ದರು.

ಆ ಯುವಕರು ಮೊದಲೇ ತೆಳ್ಳಗಿದ್ದವರು, ಹಾಗಾಗಿ ಪರಿಣಾಮ ತೀವ್ರವಾಗಿತ್ತು. ಅವರ ತೂಕದ ಕಾಲುಭಾಗ ಹೋಯಿತು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಕಂಬಳಿ ಹೊದೆಯುವಷ್ಟು ಚಳಿ. ತಟ್ಟೆ ನೆಕ್ಕಿದರು, ದಿನವಿಡೀ ಚೂಯಿಂಗ್ ಗಮ್ ಅಗಿದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಕಾದಂಬರಿಯಂತೆ ಓದಿದರು. ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಸುಮಾರು ಶೇ. 40ರಷ್ಟು ಕುಸಿಯಿತು. ದೇಹವೇ ಚಿಕ್ಕದಾದದ್ದು ಇದಕ್ಕೆ ಒಂದು ಕಾರಣ. ಅದನ್ನು ಕಳೆದ ಮೇಲೂ ಒಂದಷ್ಟು ಉಳಿಯುತ್ತಿತ್ತು: ಉಳಿದ ಜೀವಕೋಶಗಳು ಮೊದಲಿಗಿಂತ ಮಿತವಾಗಿ ಉರಿಯುತ್ತಿದ್ದವು.

ಕಷ್ಟ ಇನ್ನೂ ಹೆಚ್ಚಾಗಿ ಕಾಣಿಸಿದ್ದು ಊಟ ಮತ್ತೆ ಸಿಕ್ಕಮೇಲೆ. ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ಹಸಿವು ಹೋಗಲಿಲ್ಲ. ಅರ್ಧ ಶತಮಾನದ ನಂತರ ಸ್ವಿಟ್ಜರ್‌ಲೆಂಡಿನ ಅಬ್ದುಲ್ ದುಲೂ ಮತ್ತು ಸಂಗಡಿಗರು ಕೀಸ್ ಬಿಟ್ಟುಹೋದ ಅಂಕಿಅಂಶಗಳನ್ನು ಮತ್ತೆ ಕೆದಕಿದಾಗ ಕಾರಣದ ಎಳೆ ಸಿಕ್ಕಿತು. ಕೊಬ್ಬು ಬೇಗ ವಾಪಸು ಬರುತ್ತದೆ, ಸ್ನಾಯು ತಡವಾಗಿ ಬರುತ್ತದೆ. ಸ್ನಾಯು ಪೂರ್ತಿ ಮರಳುವವರೆಗೂ ಹಸಿವು ಕಾಡುತ್ತಲೇ ಇರುತ್ತದೆ. ಅಷ್ಟರಲ್ಲಿ ಕೊಬ್ಬು ಮೊದಲಿದ್ದುದಕ್ಕಿಂತ ಹೆಚ್ಚಾಗಿರುತ್ತದೆ. ಒಂದು ತಿಂಗಳ ಕಠಿಣ ಡಯಟ್ ಮಾಡಿ, ಬಿಟ್ಟು, ಮೊದಲಿಗಿಂತ ದಪ್ಪಗಾದವರು ಇದನ್ನು ಓದಿ ತಮ್ಮನ್ನು ತಾವು ಬೈದುಕೊಳ್ಳುವುದನ್ನು ನಿಲ್ಲಿಸಬೇಕು.

ಊಟ ಕಡಿಮೆಯಾದದ್ದು ಮೆದುಳಿಗೆ ಗೊತ್ತಾಗುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಇಲಿಗಳಿಂದ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಾ ತಿಂಡಿಪೋತ ಇಲಿಗಳ ಒಂದು ತಳಿಯಿತ್ತು. ಡಗ್ಲಸ್ ಕೋಲ್ಮನ್ ಅಂಥ ಒಂದು ಇಲಿಯ ರಕ್ತಸಂಚಾರವನ್ನು ಸಾಮಾನ್ಯ ಇಲಿಯ ರಕ್ತಸಂಚಾರಕ್ಕೆ ಜೋಡಿಸಿದರು. ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿ ಸಣ್ಣಗಾಯಿತು. ಸಾಮಾನ್ಯ ಇಲಿಯ ರಕ್ತದಲ್ಲಿ 'ಸಾಕು' ಎನ್ನುವ ಯಾವುದೋ ವಸ್ತು ಇದೆ ಎಂದು ಅವರು ಊಹಿಸಿದರು. 1994ರಲ್ಲಿ ರಾಕೆಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದನ್ನು ಪತ್ತೆಹಚ್ಚಿತು. ಅದೇ ಲೆಪ್ಟಿನ್. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಬೊಜ್ಜು ಸುಮ್ಮನೆ ಬಿದ್ದುಕೊಂಡಿರುವ ಭಾರ ಎಂದು ತಿಳಿದಿದ್ದ ವೈದ್ಯಲೋಕಕ್ಕೆ ಅದು ಮೆದುಳಿನೊಂದಿಗೆ ದಿನವೂ ಮಾತಾಡುವ ಅಂಗ ಎಂದು ಗೊತ್ತಾದದ್ದು ಆಗ.

ಲೆಪ್ಟಿನ್ ಚುಚ್ಚುಮದ್ದು ಕೊಟ್ಟರೆ ಎಲ್ಲರೂ ಸಣ್ಣಗಾಗುತ್ತಾರೆ ಎಂಬ ಆಸೆ ಹುಟ್ಟಿತು, ಫಲಿಸಲಿಲ್ಲ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅತಿ ವಿರಳ ಮಕ್ಕಳಿಗೆ ಅದು ಸಂಜೀವಿನಿಯಾಯಿತು, ಅಷ್ಟೇ. ದಪ್ಪಗಿರುವ ಹೆಚ್ಚಿನವರಲ್ಲಿ ಲೆಪ್ಟಿನ್ ಆಗಲೇ ಬೇಕಾದಷ್ಟಿರುತ್ತದೆ. ಅದು ಹೆಚ್ಚಾದಾಗ ಮೆದುಳು ಅಷ್ಟಾಗಿ ಕಿವಿಗೊಡುವುದಿಲ್ಲ, ಕಡಿಮೆಯಾದಾಗ ಮಾತ್ರ ಗಾಬರಿಬೀಳುತ್ತದೆ. ತೂಕ ಇಳಿದಂತೆ ಲೆಪ್ಟಿನ್ ಕುಸಿಯುತ್ತದೆ, ಮೆದುಳು ಬರ ಬಂತೆಂದು ತಿಳಿಯುತ್ತದೆ. ಆ ಗಾಬರಿ ಬೇಗ ಇಳಿಯುವುದಿಲ್ಲ. ಮೆಲ್ಬರ್ನಿನಲ್ಲಿ 50 ಜನರಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರವೂ ಅವರ ಲೆಪ್ಟಿನ್ ಮೊದಲ ಮಟ್ಟಕ್ಕೆ ಬಂದಿರಲಿಲ್ಲ, ಹಸಿವು ಹುಟ್ಟಿಸುವ ಗ್ರೆಲಿನ್ ಏರಿಯೇ ಇತ್ತು. ಹಸಿವಾಗುತ್ತಿದೆ ಎಂದು ಅವರು ಹೇಳುತ್ತಿದ್ದುದು ನಿಜವಾಗಿತ್ತು.

ಈ ಹಸಿವಿನ ಗಾತ್ರ ಎಷ್ಟು? ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಇದನ್ನು ಅಳೆಯಲು ಜಾಣ ದಾರಿ ಹುಡುಕಿದರು. ಸಕ್ಕರೆ ಕಾಯಿಲೆಗೆ ಕೊಡುವ ಒಂದು ಬಗೆಯ ಮಾತ್ರೆ ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ದಿನಕ್ಕೆ ಸುಮಾರು 360 ಕ್ಯಾಲೊರಿ ಹೀಗೆ ಹೋಗುವುದು ನುಂಗಿದವರಿಗೆ ಗೊತ್ತೇ ಆಗುವುದಿಲ್ಲ. ಹಾಗಿದ್ದರೆ ವರ್ಷವಿಡೀ ತೂಕ ಇಳಿಯುತ್ತಲೇ ಹೋಗಬೇಕಿತ್ತು. ಕೆಲವು ಕಿಲೋ ಇಳಿದು ನಿಂತುಬಿಟ್ಟಿತು, ಯಾಕೆಂದರೆ ತಮಗರಿವಿಲ್ಲದೆ ಅವರು ಹೆಚ್ಚು ತಿನ್ನತೊಡಗಿದ್ದರು. 2016ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆ, ಹಸಿವು ಸುಮಾರು 100 ಕ್ಯಾಲೊರಿ ಏರುತ್ತದೆ. ಐದು ಕಿಲೋ ಇಳಿಸಿದವರ ಮೆದುಳು ಪ್ರತಿದಿನ 500 ಕ್ಯಾಲೊರಿ ಹೆಚ್ಚು ಕೇಳುತ್ತಿರುತ್ತದೆ ಎಂದಾಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಇದು. 'ನನ್ನ ಮೆಟಬಾಲಿಸಮ್ ಹಾಳಾಗಿದೆ' ಎಂದು ಜನ ಕೊರಗುತ್ತಾರೆ. ಉರಿ ತಗ್ಗುವುದು ನಿಜ, ಆದರೆ ಹಸಿವು ಅದರ ಮೂರು ಪಟ್ಟಿಗಿಂತ ಬಲಶಾಲಿ. ಡಯಟ್ ಶುರುವಾದ ಆರೆಂಟು ತಿಂಗಳಿಗೆ ಮುಳ್ಳು ನಿಲ್ಲುವುದು ಇದೇ ಕಾರಣಕ್ಕೆ. ಜನ ಮೊದಲ ದಿನದಷ್ಟೇ ಕಷ್ಟಪಡುತ್ತಿರುತ್ತಾರೆ, ಅಷ್ಟೇ ಬಿಗಿ ಹಿಡಿದಿದ್ದೇವೆ ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ. ತಟ್ಟೆ ಮಾತ್ರ ತುಸು ತುಸುವೇ ತುಂಬುತ್ತಾ ಬಂದಿರುತ್ತದೆ.

ತಿಂದದ್ದು ನಮಗೇ ಗೊತ್ತಾಗುವುದಿಲ್ಲ ಎಂಬುದಕ್ಕೆ 1992ರ ನ್ಯೂಯಾರ್ಕಿನ ಒಂದು ಅಧ್ಯಯನ ಸಾಕ್ಷಿ. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ಸಂಶೋಧಕರು ಎರಡು ವಾರ ಕರಾರುವಾಕ್ಕಾಗಿ ಅಳೆದರು. ಅವರ ದೇಹದ ಉರಿ ಸಾಮಾನ್ಯವಾಗಿಯೇ ಇತ್ತು. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಅವರು ಬರೆದಿದ್ದರು, ವ್ಯಾಯಾಮವನ್ನು ಒಂದೂವರೆ ಪಟ್ಟು ಎಣಿಸಿದ್ದರು. ಅವರು ಸುಳ್ಳುಗಾರರಾಗಿರಲಿಲ್ಲ. ತೆಳ್ಳಗಿರುವವರೂ, ಆಹಾರತಜ್ಞರೂ ಸಹ ತಾವು ತಿಂದದ್ದನ್ನು ಕಡಿಮೆಯೇ ಬರೆಯುತ್ತಾರೆ.

ನಮ್ಮ ಅಡುಗೆಮನೆಯಲ್ಲಂತೂ ಲೆಕ್ಕ ಇಡುವುದು ಇನ್ನೂ ಕಷ್ಟ. ಒಗ್ಗರಣೆಗೆ ಎಣ್ಣೆ ಬೀಳುವುದು ಕಣ್ಣಂದಾಜಿನಲ್ಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಪಲ್ಯಕ್ಕೆ ಉದುರಿಸಿದ ಕಾಯಿತುರಿ, ಚಟ್ನಿಪುಡಿಗೆ ಹಾಕಿಕೊಂಡ ತುಪ್ಪ, ದಿನಕ್ಕೆ ಮೂರು ಸಲ ಸಕ್ಕರೆ ಹಾಕಿದ ಕಾಫಿ, ಸಂಜೆ ಕೈಗೆ ಬಂದ ಕೋಡುಬಳೆ, ಮಗು ಬಿಟ್ಟದ್ದು ದಂಡವಾಗಬಾರದೆಂದು ಬಾಯಿಗೆ ಹಾಕಿಕೊಂಡ ತುತ್ತು, ದೇವಸ್ಥಾನದ ಪ್ರಸಾದ. ಇವನ್ನು ಯಾರೂ 'ಊಟ' ಎಂದು ಎಣಿಸುವುದಿಲ್ಲ. ರಾತ್ರಿ ಅನ್ನ ಬಿಟ್ಟವರು ಮೂರು ಚಪಾತಿಗೆ ಎಣ್ಣೆ ಸವರಿ ತಿಂದರೆ ಉಳಿತಾಯ ಏನೂ ಇಲ್ಲ. ಅಳತೆ ಚಮಚ ಇಟ್ಟುಕೊಳ್ಳಿ, ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಆಗಲೇ ಬರೆದಿಡಿ ಎಂದು ಆಹಾರತಜ್ಞರು ಹೇಳುವುದು ಅವಮಾನ ಮಾಡಲಿಕ್ಕಲ್ಲ.

ಇನ್ನು ವ್ಯಾಯಾಮ. ಟಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಾರೆ, ದಿನವೂ ಮೈಲಿಗಟ್ಟಲೆ ನಡೆಯುತ್ತಾರೆ. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ವಿಶೇಷ ಐಸೊಟೋಪುಗಳಿರುವ ನೀರು ಕುಡಿಸಿ, ಮೂತ್ರ ಪರೀಕ್ಷಿಸಿ, ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದರು. 2012ರಲ್ಲಿ ಬಂದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ದೇಹದ ಗಾತ್ರಕ್ಕೆ ಹೋಲಿಸಿದರೆ ಹಾಡ್ಜಾಗಳ ಖರ್ಚು ಕುರ್ಚಿಯಲ್ಲಿ ಕೂತು ದುಡಿಯುವ ಪಾಶ್ಚಾತ್ಯರಷ್ಟೇ ಇತ್ತು. ಒಂದು ಕಡೆ ದೊಡ್ಡ ಖರ್ಚು ಬಂದಾಗ ಮನೆ ನಡೆಸುವವರು ಉಳಿದ ಕಡೆ ಕೈ ಬಿಗಿಹಿಡಿಯುವಂತೆ ದೇಹವೂ ಒಳಗಿನ ಬೇರೆ ಕೆಲಸಗಳಲ್ಲಿ ಉಳಿಸಿಕೊಳ್ಳುತ್ತದೆ ಎಂಬುದು ಪಾಂಟ್ಜರ್ ವಿವರಣೆ. ಪೂರ್ತಿ ಹೀಗೆಯೇ ಎಂದು ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ. ಆದರೆ ಒಂದಷ್ಟು ಸರಿದೂಗಿಸುವಿಕೆ ನಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಇತ್ತ ನೇರ ಲೆಕ್ಕವೂ ನಮ್ಮ ಪರವಾಗಿಲ್ಲ. 70 ಕಿಲೋ ತೂಗುವವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 250ರಿಂದ 300 ಕ್ಯಾಲೊರಿ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ತಿಂದ ಒಂದು ಮಸಾಲೆ ದೋಸೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುತ್ತದೆ.

ಹಾಗೆಂದು ನಡಿಗೆ ಬಿಡಬೇಡಿ. ವ್ಯಾಯಾಮ ತೂಕ ಇಳಿಸುವುದರಲ್ಲಿ ದುರ್ಬಲ, ಇಳಿದ ತೂಕ ಕಾಯುವುದರಲ್ಲಿ ಬಲಶಾಲಿ. ಮಿನೆಸೋಟದ ಹಸಿವಿನಲ್ಲಿ ಸ್ನಾಯುವಿನ ಪಾತ್ರ ಎಷ್ಟಿತ್ತೆಂದು ನೋಡಿದೆವಲ್ಲ. ತೂಕ ಇಳಿಸುವಾಗ ಸ್ನಾಯು ಕರಗದಂತೆ ಕಾಪಾಡಲು ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ, ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕು. ನಿದ್ದೆಯೂ ಬೇಕು. ಷಿಕಾಗೋದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಒಂದೇ ಬಗೆಯ ಡಯಟ್ ಮಾಡಿದವರಿಗೆ ಎಂಟೂವರೆ ಗಂಟೆಯ ಬದಲು ಐದೂವರೆ ಗಂಟೆ ಮಾತ್ರ ಮಲಗಲು ಬಿಟ್ಟಾಗ, ಕರಗಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಹೆಚ್ಚು ಕುಸಿಯಿತು.

ಕಾಯಿಲೆಯೂ ಕಾರಣವಿರಬಹುದು. ಥೈರಾಯ್ಡ್ ಕುಂದಿದ್ದರೆ ಕೆಲವು ಕಿಲೋ ಏರುತ್ತದೆ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಹೆಂಗಸರ ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಓಎಸ್ ತೊಂದರೆ, ಸ್ಟೀರಾಯ್ಡ್ ಮಾತ್ರೆ, ಕೆಲವು ಮನೋರೋಗದ ಔಷಧ, ಇನ್ಸುಲಿನ್ ಇವೂ ತೂಕ ಹಿಡಿದಿಡುತ್ತವೆ. ಇವನ್ನು ಒಮ್ಮೆ ವೈದ್ಯರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ತಾವಾಗಿ ಔಷಧ ನಿಲ್ಲಿಸಬಾರದು.

ಭಾರತೀಯರಿಗೆ ಇನ್ನೊಂದು ತೊಡಕಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಒಂದು ಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ: 22.3. ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ಸಣ್ಣ, ಒಳಗೆ ಕೊಬ್ಬು. ನಮ್ಮ ಶಿಶುಗಳೇ ಕಡಿಮೆ ತೂಕದಲ್ಲಿ, ಕಡಿಮೆ ಸ್ನಾಯುವಿನೊಂದಿಗೆ, ಆದರೆ ಕೊಬ್ಬನ್ನು ಉಳಿಸಿಕೊಂಡು ಹುಟ್ಟುತ್ತವೆ ಎಂದು ಪುಣೆಯ ಅಧ್ಯಯನ ತೋರಿಸಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಅಲ್ಲಿ ಹುಟ್ಟಿದ ಮಕ್ಕಳ ಅಳತೆಗಳನ್ನು ಜೋಪಾನವಾಗಿ ಇಟ್ಟಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಈ ಎಲ್ಲ ಕಾರಣಕ್ಕೆ ಭಾರತೀಯರಿಗೆ ಬಿಎಂಐ 23 ದಾಟಿದರೇ ಅಧಿಕ ತೂಕ ಎಂದು ನಮ್ಮ ತಜ್ಞರು ನಿಗದಿಮಾಡಿದ್ದಾರೆ. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ಸೆಂಟಿಮೀಟರು ದಾಟಬಾರದು. ನನ್ನ ಅಭಿಪ್ರಾಯದಲ್ಲಿ ನಮ್ಮ ಮನೆಗಳಿಗೆ ತೂಕದ ಯಂತ್ರಕ್ಕಿಂತ ಟೇಪು ಹೆಚ್ಚು ಉಪಯೋಗದ್ದು.

ಸೆಮಾಗ್ಲುಟೈಡ್‌ನಂಥ ಹೊಸ ಚುಚ್ಚುಮದ್ದುಗಳ ಬಗ್ಗೆ ಈಗ ಎಲ್ಲರಿಗೂ ಕುತೂಹಲ. 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ಅದು ಕೆಲಸ ಮಾಡುವುದು ಮುಖ್ಯವಾಗಿ ಮೆದುಳಿನ ಹಸಿವಿನ ಕೇಂದ್ರಗಳ ಮೇಲೆ. ದಿನವಿಡೀ ಊಟದ ಯೋಚನೆಯಲ್ಲೇ ಇದ್ದವರು ಆ ಯೋಚನೆ ಅಡಗಿತು ಎನ್ನುತ್ತಾರೆ. ಇಷ್ಟು ವರ್ಷ ಕೊರತೆಯಿದ್ದದ್ದು ಮನೋಬಲಕ್ಕಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಚುಚ್ಚುಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡರಷ್ಟು ತೂಕ ವಾಪಸು ಬಂದದ್ದೂ ಅಷ್ಟೇ ನಿಜ. ಅಗತ್ಯವಿರುವವರು ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಔಷಧ ಅದು. ಮದುವೆಗೆ ಮುಂಚೆ ನಾಲ್ಕು ಕಿಲೋ ಇಳಿಸಲು ಅಲ್ಲ.

ಉಳಿದವರ ಪಾಲಿಗೆ ಇರುವುದು ನಿಧಾನದ ದಾರಿ. ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಹಳೆಯ 3500ರ ಲೆಕ್ಕದ ಬದಲು ಹೊಸದೊಂದನ್ನು ಕೊಟ್ಟರು: ದಿನಕ್ಕೆ 24 ಕ್ಯಾಲೊರಿಯನ್ನು ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಬಹುತೇಕ ಪೂರ್ತಿ ಇಳಿಯಲು ಮೂರು ವರ್ಷ ಬೇಕು. ಹತ್ತು ಕಿಲೋ ಇಳಿಯಬೇಕೆಂದರೆ 240 ಕ್ಯಾಲೊರಿ, ಜೀವನಪೂರ್ತಿ. ಎರಡು ದೊಡ್ಡ ಚಮಚ ಎಣ್ಣೆಯಷ್ಟು. ಮೂರು ವರ್ಷ ಮಾಡಲಾಗದ ಡಯಟ್ಟನ್ನು ಮೂರು ವಾರ ಮಾಡಿ ಪ್ರಯೋಜನವಿಲ್ಲ.

ಮುಳ್ಳು ಅಷ್ಟಕ್ಕೂ ಅಲುಗದಿದ್ದರೆ? ಚೆನ್ನೈನಲ್ಲಿ ಎ. ರಾಮಚಂದ್ರನ್ ಮತ್ತು ತಂಡದವರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿಕೊಂಡು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂದಿನ ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಶೇ. 55ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ ಸರಿಪಡಿಸಿಕೊಂಡು ದಿನವೂ ನಡೆದವರಲ್ಲಿ ಬಂದದ್ದು ಶೇ. 39ರಷ್ಟು ಮಂದಿಗೆ. ಈ ಎರಡನೆಯ ಗುಂಪಿನವರ ತೂಕ ಗಮನಾರ್ಹವಾಗಿ ಇಳಿದಿರಲೇ ಇಲ್ಲ. ತೂಕ ಇದ್ದಲ್ಲೇ ಇದ್ದರೂ ಅವರ ಊಟ, ಅವರ ನಡಿಗೆ ಒಳಗೆ ಕೆಲಸ ಮಾಡಿತ್ತು.

ಆದ್ದರಿಂದ ತೂಕ ಇಳಿಯಲಿಲ್ಲವೆಂದು ನಡಿಗೆ ನಿಲ್ಲಿಸುವ ಮುನ್ನ ರಕ್ತದ ಸಕ್ಕರೆ, ರಕ್ತದೊತ್ತಡ, ಹೊಟ್ಟೆಯ ಸುತ್ತಳತೆ ಮೂರನ್ನೂ ಅಳೆಸಿ, ಆರು ತಿಂಗಳ ಹಿಂದಿನದರ ಜೊತೆ ಹೋಲಿಸಿ ನೋಡಿ. ಮನೆಯಲ್ಲಿ ಯಾರಾದರೂ ತೂಕ ಇಳಿಸಲು ಹೆಣಗುತ್ತಿದ್ದರೆ, ದಯವಿಟ್ಟು ಅವರ ತಟ್ಟೆಯ ಮೇಲೆ ಕಣ್ಣಿಡಬೇಡಿ. ಸಂಜೆ ಅವರ ಜೊತೆ ನಡೆಯಲು ಹೋಗಿ.